ಹಾಸಿಗೆ ಹಿಡಿದವರ ಮನೆ ಆರೈಕೆಗೆ ದಿನಕ್ಕೊಂದು ಕಾಣಿಕೆ: ಭಕ್ತ ಬಾಂಧವರಲ್ಲಿ ಮನವಿ

ಊರ ಹಾಗೂ ಪರವೂರ ಭಗವದ್ಭಕ್ತರಲ್ಲಿ ನಮ್ಮ ದೇವಸ್ಥಾನದ ಸೇವಾ ಟ್ರಸ್ಟಿನ ಸವಿನಯ ವಿಜ್ಞಾಪನೆ.

ದೇವಸ್ಥಾನದ ಧರ್ಮಾರ್ಥ ಔಷಧಾಲಯದ ವತಿಯಿಂದ, ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಸೇವೆಯು ಊರ ಹತ್ತು ಸಮಸ್ತರ ಸಹಕಾರದಿಂದ ನಡೆದುಕೊಂಡು ಬರುತ್ತಿರುವುದು ತಮಗೆ ತಿಳಿದೇ ಇದೆ. ಇದನ್ನು ವಾರದ ಎಲ್ಲ ದಿನಗಳಿಗೂ ನೆರೆಯ ಗ್ರಾಮಗಳಿಗೂ ವಿಸ್ತರಿಸಬೇಕೆಂದು ಟ್ರಸ್ಟ್ ನಿಶ್ಚಯಿಸಿದೆ. ಅದಕ್ಕೆ ಬೇಕಾದ ಹಣವನ್ನು ನಾಲ್ಕಾರು ಮಂದಿ ಸಿರಿವಂತರಿಂದ ಒಮ್ಮೆಲೇ ಪಡೆಯುವ ಬದಲು, ದಿನಕ್ಕೆ 5 ರೂಪಾಯಿಯಂತೆ ಊರಿನ ಮನೆಮನೆಗಳಿಂದ ಸಂಗ್ರಹಿಸುವ ದಾರಿಯನ್ನು ನಾವು ಆರಿಸಿಕೊಂಡಿದ್ದೇವೆ. ಈ ದಾರಿಯನ್ನು ತೋರಿಸಿಕೊಟ್ಟವರು ಇದೇ ಉಡುಪಿಯ ನೆಲದಲ್ಲಿ ಬಾಳಿದ ಒಬ್ಬ ವೈದ್ಯರು. ಅವರ ಬದುಕನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆದುಕೊಂಡ ಮೇಲೆ ನಮ್ಮ ಬೇಡಿಕೆಯನ್ನು ತಮ್ಮ ಮುಂದಿಡುತ್ತೇವೆ.

ಡಾ. ಟಿ.ಎಂ.ಎ. ಪೈ ಅವರು, ಅಂದರೆ ತೋನ್ಸೆ ಮಾಧವ ಅನಂತ ಪೈ ಅವರು, 1898ರ ಏಪ್ರಿಲ್ 30ರಂದು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಹುಟ್ಟಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ವೈದ್ಯ ಓದಬೇಕೆಂದಿದ್ದ ಇಲ್ಲಿಯ ಹುಡುಗರು ಮದರಾಸಿಗೇ ಹೋಗಬೇಕಿತ್ತು. ಪೈಯವರೂ ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಅವರಿಗೆ ಹೊರದೇಶಕ್ಕೆ ಹೋಗಿ ವೃತ್ತಿ ನಡೆಸುವ ಆಸೆಯಿತ್ತೆಂದೂ, ಊರಿನ ಬಡವರನ್ನು ನೋಡಿಕೊಳ್ಳಬೇಕೆಂಬ ತಾಯಿಯ ಮಾತಿಗೆ ಕಟ್ಟುಬಿದ್ದು ಇಲ್ಲೇ ನಿಂತರೆಂದೂ ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ತಾಯಿಯ ಆ ಒಂದು ಮಾತಿನಿಂದ ಈ ಜಿಲ್ಲೆಗೆ ಒದಗಿದ್ದನ್ನು ಲೆಕ್ಕ ಹಾಕುವುದು ಕಷ್ಟ.

ಅವರು ರೋಗಿಗಳನ್ನು ನೋಡತೊಡಗಿದಾಗ ಉಡುಪಿ ಬಳಿಯ ಮಣಿಪಾಲವು ಮರವೂ ಹೆಚ್ಚಿಲ್ಲದ ಬೋಳು ಮುರಕಲ್ಲಿನ ಗುಡ್ಡೆ. ಕೈಮಗ್ಗದ ಉದ್ಯೋಗ ಬಿಕ್ಕಟ್ಟಿಗೆ ಸಿಕ್ಕಿ ಇಲ್ಲಿಯ ನೇಕಾರರ ಕುಟುಂಬಗಳು ನಲುಗುತ್ತಿದ್ದ ಕಾಲವದು. ಹೊಟ್ಟೆಗೆ ಸರಿಯಾಗಿ ಇಲ್ಲದವನಿಗೆ ಬರೆದುಕೊಟ್ಟ ಔಷಧಿ ಎಷ್ಟು ದಿನ ಕೆಲಸ ಮಾಡೀತು? ಅನಾರೋಗ್ಯ, ಅಜ್ಞಾನ, ಬಡತನ ಈ ಮೂರನ್ನೂ ಒಟ್ಟಿಗೇ ಎದುರಿಸಬೇಕು ಎಂಬುದು ಪೈಯವರ ಬದುಕಿನ ನಿಲುವಾಯಿತು. ಅಣ್ಣ ಉಪೇಂದ್ರ ಅನಂತ ಪೈ ಅವರು ವ್ಯಾಪಾರಿ, ವಾಮನ ಕುಡ್ವರು ಎಂಜಿನಿಯರು, ಇವರು ಡಾಕ್ಟರು. ಈ ಮೂವರೂ ಸೇರಿ 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ನೇಕಾರರಿಗೆ ಆಸರೆಯಾಗುವುದೇ ಅದರ ಮೊದಲ ಉದ್ದೇಶವಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದದ್ದು ಅದೇ ಸಂಸ್ಥೆ.

ನಮ್ಮ ಈ ಮನವಿಗೆ ಮೂಲವಾಗಿರುವುದು 1928ರಲ್ಲಿ ಆ ಬ್ಯಾಂಕ್ ತಂದ ಪಿಗ್ಮಿ ಯೋಜನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಜನರ ಮನೆ ಬಾಗಿಲಿಗೆ ಬ್ಯಾಂಕಿನ ಏಜೆಂಟರೇ ಹೋಗಿ, ದಿನಕ್ಕೆ ಎರಡಾಣೆಯಷ್ಟು ಕಡಿಮೆ ಮೊತ್ತವನ್ನೂ ಪಡೆದು ಖಾತೆಗೆ ಜಮಾ ಮಾಡುತ್ತಿದ್ದರು. ರೂಪಾಯಿಗೆ ಹದಿನಾರಾಣೆಯಿದ್ದ ಕಾಲದಲ್ಲಿ ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ಹೂ ಮಾರುವವರು, ಗೂಡಂಗಡಿಯವರು, ಮೀನು ಮಾರುವ ಹೆಂಗಸರು, ಇಂಥವರೆಲ್ಲ ಸಂಜೆಯ ಹೊತ್ತಿಗೆ ಪಿಗ್ಮಿಯವರಿಗಾಗಿ ಕಾಯುವುದು ನಮ್ಮ ಪೇಟೆಗಳಲ್ಲಿ ಈಗಲೂ ಕಾಣಸಿಗುವ ನೋಟ. ಕಾಯಿಲೆ ಬಂದಾಗ, ಮಗಳ ಮದುವೆ ಗೊತ್ತಾದಾಗ, ಮಾಡಿಗೆ ಹೊಸ ಹಂಚು ಹೊದೆಸಬೇಕಾದಾಗ ಆ ಚಿಲ್ಲರೆ ಹಣವೇ ಗಂಟಾಗಿ ಕೈಗೆ ಸಿಗುತ್ತಿತ್ತು.

ಕರಾವಳಿಯ ಜನ ಇದನ್ನು ಬೇಗ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತು, ನಾಣ್ಯಗಳನ್ನು ಬಟ್ಟೆಯಲ್ಲಿ ಗಂಟು ಹಾಕಿ ಮುಡಿಪು ಕಟ್ಟಿಡುವ ಕ್ರಮ ನಮ್ಮ ಹಿರಿಯರಲ್ಲಿ ಇತ್ತು, ಈಗಲೂ ಇದೆ. ಎಂಥ ಕಷ್ಟ ಬಂದರೂ ಮುಡಿಪಿನ ಹಣಕ್ಕೆ ಕೈಹಾಕುವವರಿಲ್ಲ. ಕಲ್ಯಾಣಪುರದಂಥ ಊರಿನ ವೆಂಕಟರಮಣ ದೇವಸ್ಥಾನದ ಭಜನಾ ಸಪ್ತಾಹದಲ್ಲಿ ಏಳು ಹಗಲು ಏಳು ರಾತ್ರಿ ಹಾಡು ನಿಲ್ಲದಂತೆ ನೋಡಿಕೊಳ್ಳುವುದು ಯಾರೋ ಒಬ್ಬ ದೊಡ್ಡ ಗಾಯಕರಿಂದ ಸಾಧ್ಯವಾಗುವ ಕೆಲಸವಲ್ಲ. ಸರದಿಯ ಪ್ರಕಾರ ಬಂದು ತಾಳ ಹಿಡಿಯುವ ಜನರಿಂದಲೇ ಅದು ನಡೆಯುತ್ತದೆ. ಇಂಥ ಪರಿಸರದಲ್ಲಿ ಬೆಳೆದ ವೈದ್ಯರು ಊರಿನ ಸಣ್ಣ ಕೈಗಳನ್ನು ನಂಬಿ ದೊಡ್ಡ ಕೆಲಸಕ್ಕೆ ಇಳಿದರು ಎಂದು ನಾವು ತಿಳಿದಿದ್ದೇವೆ.

ಮುಂದಿನದು ತಮಗೆಲ್ಲ ಗೊತ್ತಿರುವುದೇ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಹುಟ್ಟಿಕೊಂಡವು. ಸರಕಾರದ ಹಣಕ್ಕೆ ಕಾಯದೆ ಗುಡ್ಡೆಯ ಮೇಲೆ ಮೆಡಿಕಲ್ ಕಾಲೇಜು ಕಟ್ಟುತ್ತೇನೆಂದಾಗ ನಂಬಿದವರು ಕಡಿಮೆ. ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಬಳಿ ನಿಂತು ಕಲಿತರು. 1972ರಲ್ಲಿ ಪದ್ಮಶ್ರೀ ಪಡೆದ ಪೈಯವರು 1979ರ ಮೇ 29ರಂದು ತೀರಿಕೊಂಡರು. ಅಣ್ಣನೊಡನೆ ಆರಂಭವಾದ ಕೆಲಸವನ್ನು ಅಣ್ಣನ ಮಗ ಟಿ.ಎ. ಪೈ ಅವರೂ ಕುಟುಂಬದ ಇತರರೂ ಮುಂದುವರಿಸಿದರು. ಮನೆಯನ್ನೂ ಊರನ್ನೂ ಬೇರೆಬೇರೆಯಾಗಿ ಕಾಣದ ಬದುಕು ಅವರದು.

ಇನ್ನು ನಮ್ಮ ಸೇವೆಯ ವಿಚಾರ. ಇಂದು ಈ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೂ ಅವಕಾಶವಿದೆ. ಆದರೆ ಲಕ್ವ ಹೊಡೆದವರು, ಸೊಂಟ ಮುರಿದ ಅಜ್ಜಂದಿರು, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಯಾರು? ಮನೆಯ ಹೆಂಗಸರು, ಹೆಚ್ಚಾಗಿ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿರುವ ಸೊಸೆ ಅಥವಾ ಹೆಂಡತಿ. ಎದ್ದು ಕೂರಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನ ಬುಡದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಮೊದಲು ಕೆಂಪಾಗುತ್ತದೆ. ಆಗ ಗಮನಿಸದಿದ್ದರೆ ಬಿರಿದು ಹುಣ್ಣಾಗುತ್ತದೆ, ಆಳಕ್ಕೆ ಇಳಿದು ಎಲುಬನ್ನೂ ಮುಟ್ಟಬಹುದು. ನಮ್ಮ ನರ್ಸ್ ಮನೆಗೆ ಹೋದಾಗ ಮೊದಲು ಮಾಡುವ ಕೆಲಸವೇ ರೋಗಿಯನ್ನು ಮೆಲ್ಲನೆ ಹೊರಳಿಸಿ ಬೆನ್ನು ನೋಡುವುದು. ಆಮೇಲೆ ಗಾಯ ತೊಳೆದು ಡ್ರೆಸಿಂಗ್ ಮಾಡುತ್ತಾರೆ, ಮೂತ್ರದ ನಳಿಗೆ ಬದಲಿಸುತ್ತಾರೆ, ಬಿಪಿ ಮತ್ತು ಶುಗರ್ ಪರೀಕ್ಷಿಸುತ್ತಾರೆ. ರೋಗಿಯನ್ನು ತನ್ನ ಸೊಂಟ ನೋಯದ ಹಾಗೆ ಎತ್ತುವುದು ಹೇಗೆಂದು ಆ ಸೊಸೆಗೆ ಕೈ ಹಿಡಿದು ಕಲಿಸುತ್ತಾರೆ. ಈ ಕೊನೆಯ ಕೆಲಸಕ್ಕೆ ಯಾವ ಬಿಲ್ಲೂ ಇಲ್ಲ, ಆದರೆ ಆ ಮನೆಗೆ ಅತ್ಯಂತ ಹೆಚ್ಚು ನೆಮ್ಮದಿ ಕೊಡುವುದು ಅದೇ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಸಂಗ್ರಹವಾಗುವ ಹಣವು ನರ್ಸ್‌ಗಳ ಸಂಬಳಕ್ಕೆ, ಅವರ ಓಡಾಟದ ವಾಹನಕ್ಕೆ, ಡ್ರೆಸಿಂಗ್ ಸಾಮಗ್ರಿ, ವಯಸ್ಕರ ಡೈಪರ್ ಮತ್ತು ನೋವಿನ ಔಷಧಿಗೆ, ಎರವಲು ಕೊಡುವ ಗಾಳಿ ಹಾಸಿಗೆ ಹಾಗೂ ಆಮ್ಲಜನಕದ ಯಂತ್ರಗಳಿಗೆ ಮಾತ್ರ ವಿನಿಯೋಗವಾಗುವುದು. ವೈದ್ಯರು ಸೇವಾಭಾವದಿಂದ ಬರುವುದರಿಂದ ಅವರಿಗಾಗಿ ಖರ್ಚಿಲ್ಲ. ಕಟ್ಟಡಕ್ಕಾಗಲಿ ಸಮಾರಂಭಕ್ಕಾಗಲಿ ಈ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯಬಾರದೆಂದು ಟ್ರಸ್ಟ್ ನಿರ್ಣಯಿಸಿದೆ. ರೋಗಿಯ ಜಾತಿ, ಮತ, ಪಕ್ಷಗಳನ್ನು ಯಾರೂ ವಿಚಾರಿಸುವುದಿಲ್ಲ.

ದಿನಕ್ಕೆ 5 ರೂಪಾಯಿ ಎಂದರೆ ತಿಂಗಳಿಗೆ 150, ವರ್ಷಕ್ಕೆ 1,825 ರೂಪಾಯಿ. ಸಂಕಲ್ಪ ಮಾಡಿದ ಮನೆಗೆ ಟ್ರಸ್ಟಿನಿಂದ ಒಂದು ಕಾಣಿಕೆ ಡಬ್ಬಿ ಕೊಡಲಾಗುವುದು. ಬೆಳಿಗ್ಗೆ ದೇವರ ದೀಪ ಹಚ್ಚುವ ಹೊತ್ತಿಗೆ ಅದರಲ್ಲಿ ನಾಣ್ಯ ಹಾಕಿದರೆ ಸಾಕು. ತಿಂಗಳ ಕೊನೆಯ ಭಾನುವಾರ ಸ್ವಯಂಸೇವಕರು ಮನೆಗೆ ಬಂದು, ತಮ್ಮೆದುರೇ ಎಣಿಸಿ, ಸ್ಥಳದಲ್ಲೇ ರಸೀದಿ ಕೊಡುತ್ತಾರೆ. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಊರಿನವರು ವರ್ಷದ ಮೊತ್ತವನ್ನು ಒಮ್ಮೆಲೇ ಟ್ರಸ್ಟಿನ ಖಾತೆಗೆ ಕಳುಹಿಸಬಹುದು. 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ದೊರೆಯುವುದಿಲ್ಲವಾದ್ದರಿಂದ ಅಂಥವರು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ನೀಡಬೇಕಾಗಿ ಕೋರಿಕೆ. ಜಮಾ ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ದೇವಸ್ಥಾನದ ಸೂಚನಾ ಫಲಕದಲ್ಲಿ ಹಾಕಲಾಗುವುದು.

ಹಣ ಕೊಡಲು ಅನುಕೂಲವಿಲ್ಲದವರು ಬೇಸರಪಟ್ಟುಕೊಳ್ಳಬಾರದು. ಮನೆಯಲ್ಲಿ ಬಳಸದೆ ಇಟ್ಟಿರುವ ವೀಲ್‌ಚೇರ್, ವಾಕರ್, ಕಬ್ಬಿಣದ ಮಂಚಗಳಿದ್ದರೆ ಕೊಡಬಹುದು; ವಾರಕ್ಕೊಮ್ಮೆ ಯಾವುದಾದರೊಂದು ಮನೆಯಲ್ಲಿ ರೋಗಿಯ ಬಳಿ ಎರಡು ಗಂಟೆ ಕುಳಿತು, ಆರೈಕೆ ಮಾಡುವವರಿಗೆ ಪೇಟೆಗೆ ಹೋಗಿ ಬರಲು ಬಿಡುವು ಮಾಡಿಕೊಡಬಹುದು. ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಾಸಿಗೆ ಹಿಡಿದವರಿದ್ದರೆ ದೇವಸ್ಥಾನದ ಕಚೇರಿಯಲ್ಲಿ ಹೆಸರು ಬರೆಸಿ. ಈ ಆರೈಕೆಗೆ ಶುಲ್ಕವಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು, ಸೇವಾ ಟ್ರಸ್ಟ್