ನಿನ್ನ ಮೂರನೇ ಅಧ್ಯಾಯ ಓದಿದ ಮೇಲೆ

ಮಗಳೇ,

ಮೊನ್ನೆ ರಾತ್ರಿ ಆಗಿದ್ದು ಇಬ್ರಿಗೂ ಗೊತ್ತು, ಅದನ್ನ ಮತ್ತೆ ಟೈಪ್ ಮಾಡೋದು ಬೇಡ. ಬೆಳಗ್ಗೆ ನೀನು ಐದೂವರೆ ಬಸ್ಸಿಗೆ ಹೊರಟಾಗ ನಾನು ಎದ್ದೇ ಇದ್ದೆ, ಗೇಟ್ ಸದ್ದು ಕೇಳಿಸ್ತು, ಆದ್ರೂ ದುಪ್ಪಟಿ ತಲೆ ಮೇಲೆ ಎಳ್ಕೊಂಡು ಮಲಗಿದ್ದೆ. ನಿಮ್ಮವ್ವ ಆವತ್ತಿಂದ ನಂಗೆ ಕಾಫಿ ಮಾತ್ರ ಕೊಡ್ತಾಳೆ, ಮಾತು ಕೊಡಲ್ಲ. ಭಾನುವಾರ ಇಂಗ್ಲೆಂಡಿಗೆ ನಿನ್ನ ಫ್ಲೈಟು. ಫೋನಲ್ಲಿ ಮಾತಾಡಿದ್ರೆ ಮತ್ತೆ ಜಗಳಕ್ಕೇ ಹೋಗುತ್ತೆ, ಅದಕ್ಕೇ ನಮ್ಮ ಶ್ರೀರಂಗಪಟ್ಟಣದ ಕೋಟೆ ಹತ್ರ ಆ ಸ್ಮಾರಕದ ಕಂಬದ ನೆರಳಲ್ಲಿ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ, ಇವತ್ತು ಗಿರಾಕಿಗಳೂ ಇಲ್ಲ.

ನೀನು ಮೇಲ್ ಮಾಡಿದ ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿದೆ. ಟೂರಿಸ್ಟ್ ಹತ್ರ ಮಾತಾಡೋ ಇಂಗ್ಲಿಷ್ ಬೇರೆ, ಓದೋ ಇಂಗ್ಲಿಷ್ ಬೇರೆ ಕಣವ್ವ, ಮೊಬೈಲಲ್ಲಿ ಡಿಕ್ಷನರಿ ಇಟ್ಕೊಂಡು ನಾಲ್ಕು ರಾತ್ರಿ ಹಿಡೀತು. ಮೊದಲನೇದು ಚೆನ್ನಾಗಿದೆ. ಟಿಪ್ಪುವಿನ ಕೋಟೆ ಹಿಡಿಯೋಕೆ ಬ್ರಿಟಿಷರು ಬಂದ 1799ರ ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪು, ಕತ್ತಲು, ಕಾಲುವೆ, ಯಾರು ನಮ್ಮವರು ಯಾರು ಎದುರಾಳಿ ಅಂತಲೇ ಗೊತ್ತಾಗದೆ ಬ್ರಿಟಿಷರ 33ನೇ ರೆಜಿಮೆಂಟಿನವರು ದಾರಿ ತಪ್ಪೋದು, ಕರ್ನಲ್ ವೆಲ್ಲೆಸ್ಲಿ ಮೊಣಕಾಲಿಗೆ ಪೆಟ್ಟು ತಿಂದು ವಾಪಸ್ ಬಂದು ಜನರಲ್ ಹ್ಯಾರಿಸ್ ಮುಂದೆ ಸೋತೆ ಅಂತ ಹೇಳೋದು. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಮನುಷ್ಯ ನಮ್ಮೂರ ತೋಪಲ್ಲಿ ದಾರಿ ತಪ್ಪಿದ್ದ ಅಂತ ನಾನು ಮೂವತ್ತು ವರ್ಷದಿಂದ ಟೂರಿಸ್ಟ್‌ಗಳಿಗೆ ಹೇಳ್ತಾ ಇದೀನಿ, ಯಾರೂ ತಲೆ ಕೆಡಿಸ್ಕೊಂಡಿಲ್ಲ, ನೀನು ಅದರಿಂದಲೇ ಕಾದಂಬರಿ ಶುರು ಮಾಡಿದೀಯ. ಓದ್ತಾ ಓದ್ತಾ ಎರಡು ಸಲ ನಿಮ್ಮವ್ವನ್ನ ಎಬ್ಬಿಸಿ ಹೇಳಿದೆ, ಇದು ನನ್ನ ಮಾತು, ನನ್ನ ಗೈಡ್ ಮಾತು ಇಲ್ಲಿ ಬಂದಿದೆ ಅಂತ. ಇದನ್ನ ಮೊನ್ನೆನೇ ಹೇಳ್ಬೇಕಿತ್ತು.

ಹೀರೋ ಬ್ರಿಟಿಷ್ ಸೋಲ್ಜರ್ ಆಗಿರೋದಕ್ಕೆ ನಾನು ಕೂಗಾಡಿದೆ ಅಂತ ನೀನು ಅಂದ್ಕೊಂಡಿದೀಯ. ಸ್ವಲ್ಪ ಹೌದು. ನಮ್ಮೂರ ಕೋಟೆ ಗೋಡೆ ಒಡೆದು ನುಗ್ಗಿದವನ ಪಕ್ಕ ಕೂತ್ಕೊಂಡು ಓದುಗ ಅವನು ಬದುಕ್ಲಿ ಅಂತ ಬೇಡ್ಕೋಬೇಕು ಅಂದ್ರೆ ನನ್ನಂಥವನಿಗೆ ಗಂಟಲಲ್ಲಿ ಇಳಿಯಲ್ಲ. ಆದ್ರೆ ನೀನು ಅವನನ್ನ ದೊರೆ ಮಾಡಿಲ್ಲ, ಹೊಟ್ಟೆಗಿಲ್ಲದೆ ಯಾರ್ಕ್‌ಶೈರಿಂದ ಸೇರಿದ ಹುಡುಗ, ಬೆನ್ನ ಮೇಲೆ ಚಾಟಿ ಏಟಿನ ಗೆರೆ, ಮಾತಾಡಿದ್ರೆ ಇನ್ನೊಂದು ಸಲ ಕಟ್ಟಿ ಹೊಡೀತಾರೆ ಅನ್ನೋ ಭಯ. ಅದನ್ನೆಲ್ಲ ಓದಿದ ಮೇಲೂ ನಾನು ಬಾಯಿಗೆ ಬಂದಂಗೆ ಅಂದೆ. ಕಾರಣ ಬೇರೆ ಇತ್ತು. ಹೇಳ್ತೀನಿ.

ಅದಕ್ಕೆ ಮುಂಚೆ ಒಂದೆರಡು ತಪ್ಪು ಹೇಳ್ಬಿಡ್ತೀನಿ. ಗುಡ್ಡ ಹತ್ತೋವಾಗ ಅವನು ಒಂದೇ ಉಸಿರಲ್ಲಿ ಏಳೆಂಟು ಗುಂಡು ಹಾರಿಸ್ತಾನೆ, ಆಗಲ್ಲ, ಆ ಬಂದೂಕಿಗೆ ಮದ್ದು ತುಂಬಿ, ಗುಂಡು ಹಾಕಿ, ಗಜದಿಂದ ತುರುಕಿ ನಿಮಿಷಕ್ಕೆ ಮೂರು ಹೊಡೆದ್ರೆ ಅವನು ಶೂರ. ಆಮೇಲೆ ಮೂರು ಅಧ್ಯಾಯದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದ ನಮ್ಮ ದೇಶದ ಸಿಪಾಯಿ ಒಬ್ಬನೇ ಒಬ್ಬ ಬರ್ತಾನೆ, ಅವನೂ ನೀರು ಕೊಟ್ಟು ಹೋಗ್ತಾನೆ. ಮೇ 4ರಂದು ಕೋಟೆಗೆ ನುಗ್ಗೋಕೆ ನದಿ ದಾಟಿದ ಸುಮಾರು 4,000 ಜನರಲ್ಲಿ ಹತ್ತಿರ ಹತ್ತಿರ ಅರ್ಧ ನಮ್ಮ ಕಡೆಯ ಜನಾನೇ ಕಣವ್ವ, ಮದ್ರಾಸಿನೋರು, ಬಾಂಬೆಯೋರು, ನಿಜಾಮನ ಕಡೆಯೋರು. ಬಿಳಿಯರು ಅಂದ್ರೂ ಎಲ್ಲ ಇಂಗ್ಲಿಷರಲ್ಲ, ಸ್ಕಾಟ್ಲೆಂಡಿನೋರು, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನೋರು, ಅವರ ಗೋರಿ ಈಗ್ಲೂ ಗ್ಯಾರಿಸನ್ ಸ್ಮಶಾನದಲ್ಲಿದೆ, ನೀನೇ ಅಲ್ಲಿ ಹೆಸರು ಬರ್ಕೊಂಡಿದ್ದೆ. ಮತ್ತೆ ಎತ್ತುಗಳೆಲ್ಲಿ? ಲಕ್ಷಕ್ಕೂ ಮೀರಿ ಎತ್ತು ಇಟ್ಕೊಂಡು ಬಂದ ಸೈನ್ಯ ಅದು. ದವಸ ಹೊತ್ತು ತಂದ ಲಂಬಾಣಿಗಳು ಇಲ್ದೆ ಹೋಗಿದ್ರೆ ನಿನ್ನ ಸೋಲ್ಜರ್ ಕೋಟೆ ಕಾಣೋಕ್ ಮುಂಚೆನೇ ಹಸಿವಿಂದ ಸಾಯ್ತಿದ್ದ. ಉಣ್ಣೆ ಕೋಟು ಹಾಕ್ಕೊಂಡು ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ನಡೆಯೋನು ಒಂದ್ಸಲನೂ ಬೆವರೊರೆಸ್ಕೊಳಲ್ವಲ್ಲ, ನೀನು ಎಸಿ ರೂಮಲ್ಲಿ ಕೂತು ಬರೆದೆಯಾ ಹೆಂಗೆ?

ನೋಡು, ಶುರುವಾಯ್ತು ನಂದು. ನಿಮ್ಮವ್ವ ಹೇಳೋದು ಸರಿ, ನಂಗೆ ದುಡ್ಡು ಕೊಟ್ಟು ನಿಲ್ಲಿಸ್ಬೇಕು.

ತಪ್ಪು ಹುಡುಕೋಕೆ ನಂಗೇನು ಯೋಗ್ಯತೆ ಅಂತ ನೀನು ಕೇಳಿದ್ರೆ ಉತ್ತರ ಇಲ್ಲ. ಬ್ರಿಟಿಷ್ ಕರ್ನಲ್ ಬೇಲಿ ಹೆಸರಿನ ಆ ನೆಲಮಾಳಿಗೆ ಸೆರೆಮನೆ, ಬೇಲಿ ಡಂಜನ್ ಒಳಗೆ ನಿಂತ್ಕೊಂಡು ಕೈದಿಗಳನ್ನ ಇಲ್ಲಿ ಕಟ್ಟಿಹಾಕಿ ಕುತ್ತಿಗೆ ತನಕ ನೀರು ಬಿಡ್ತಿದ್ರು ಅಂತ ನಾನು ಹೇಳೋವಾಗ, ಹೈಸ್ಕೂಲಲ್ಲಿದ್ದ ನೀನು ಅಷ್ಟೂ ಜನರ ಮುಂದೆ ‘ಅಪ್ಪ ಅದಕ್ಕೆ ಪುರಾವೆ ಏನು’ ಅಂದಿದ್ದೆ. ನಂಗೆ ಹಿರಿಯ ಗೈಡ್ ಹೇಳಿದ್ದು, ಅವನಿಗೆ ಇನ್ನೊಬ್ಬ, ಅಷ್ಟೇ ಪುರಾವೆ. ಬೇಲಿ 1780ರಲ್ಲಿ ಪೊಳ್ಳಿಲೂರಲ್ಲಿ ಸಿಕ್ಕಿಬಿದ್ದ, 1782ರಲ್ಲಿ ಸೆರೆಯಲ್ಲೇ ಸತ್ತ, ಅದು ನಿಜ. ಮಿಕ್ಕಿದ್ದು ಮಸಾಲೆ. ಟಿಪ್ಪು ವಿಷಯಕ್ಕೆ ಬಂದ್ರಂತೂ ಗೈಡ್ ಆದೋನು ಮೊದ್ಲು ಎದುರಿಗಿರೋನ ಮುಖ ನೋಡಿ ಆಮೇಲೆ ಬಾಯಿ ತೆಗೀಬೇಕು, ನಿನಗೆ ಗೊತ್ತಿರೋದೇ. ನೀನು ಹಂಗೆ ಮುಖ ನೋಡಿ ಬರೀಬೇಡ.

ಈಗ ಮೂರನೇ ಅಧ್ಯಾಯ.

ಮಧ್ಯಾಹ್ನ ಒಂದು ಗಂಟೆ, ಬಿಸಿಲಿಗೆ ಕೋಟೆಯೋರು ಊಟ ಮಾಡಿ ಒರಗೋ ಹೊತ್ತು ಅಂತಾನೇ ಆ ಟೈಮ್ ಆರಿಸಿದ್ರು, ಮಳೆಗಾಲ ಬಂದು ಕಾವೇರಿ ತುಂಬಿದ್ರೆ ಮುಗೀತು ಅಂತ ಮೇ ತಿಂಗಳೊಳಗೇ ಮುಗಿಸೋಕೆ ಹಟ ಹಿಡಿದಿದ್ರು, ಆಗ ಕೆಆರ್‌ಎಸ್ಸೂ ಇಲ್ಲ ಗೇಟೂ ಇಲ್ಲ, ನದಿಗೆ ನದಿಯೇ ಯಜಮಾನಿ. ನಾಲ್ಕು ವರ್ಷದ ಹತ್ರ ಇದೇ ಊರಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಜನರಲ್ ಬೇರ್ಡ್ ಕತ್ತಿ ಹಿಡ್ಕೊಂಡು ಮುಂದೆ ನಿಂತ. ಎಲ್ಲರಿಗಿಂತ ಮುಂಚೆ ಸಾಯೋಕೆ ಅಂತಲೇ ಹೊರಡೋ ಗುಂಪಿಗೆ ಫರ್ಲಾರ್ನ್ ಹೋಪ್ ಅನ್ನೋದು ಡಚ್ ಮಾತಿಂದ ಬಂದಿದ್ದು, ಕಳೆದುಹೋದ ಗುಂಪು ಅಂತ ಅರ್ಥ, ಇದು ನೀನೇ ಹೇಳಿದ್ದು ನಂಗೆ. ಅದರಲ್ಲಿದ್ದ ಸಾರ್ಜೆಂಟ್ ಗ್ರಹಾಂ ಬಾವುಟ ನೆಟ್ಟು, ಬದುಕಿದ್ರೆ ತಾನೇ ಆಫೀಸರ್ ಅಂತ, ಲೆಫ್ಟಿನೆಂಟ್ ಗ್ರಹಾಂಗೆ ಜಯವಾಗ್ಲಿ ಅಂತ ತನಗೆ ತಾನೇ ಕೂಗ್ಕೊಂಡನಂತೆ, ಅಷ್ಟರಲ್ಲಿ ಗುಂಡು ಬಿತ್ತಂತೆ. ಆರೇಳು ನಿಮಿಷದ ಕೆಲಸ. ಇದೆಲ್ಲ ಸರಿಯಾಗಿ ಬರೆದಿದೀಯ.

ಆದ್ರೆ ನಿನ್ನ ಸೋಲ್ಜರ್ ಗುಂಡಿಗೆ ಬೀಳಲ್ಲ. ಬಂಡೆ ಮೇಲಿನ ಪಾಚಿಗೆ ಕಾಲು ಜಾರಿ ನೀರೊಳಗೆ ಹೋಗ್ತಾನೆ. ನೀರು ಹಸಿರು, ಮೇಲೆ ಬಿಸಿಲು ಒಡೆದ ಬಳೆ ಥರ ಅಲ್ಲಾಡ್ತಿದೆ, ಯಾರೋ ದೂರದಲ್ಲಿ ಜೋರಾಗಿ ಮಾತಾಡ್ತಾ ಇದಾರೆ ಆದ್ರೆ ಇವನ ಕಡೆಗಲ್ಲ, ಬೇರೆ ಯಾರಿಗೋ ಏನೋ ವಿವರಿಸ್ತಾ ಇದಾರೆ. ಅಲ್ಲಿಗೆ ಅಧ್ಯಾಯ ಮುಗೀತು.

ಯುದ್ಧದ ಮಧ್ಯೆ ಯಾರು ವಿವರಿಸ್ತಾರೆ ಕಣವ್ವ.

ನಿಂಗೆ ನೆನಪಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಂಗೇ ಅಂದ್ಕೊಂಡು ಬದುಕಿದೆ. ನಿಂಗೆ ಆರು ವರ್ಷ, ಬೇಸಿಗೆ ರಜೆ, ನಿಮ್ಮವ್ವ ತವರಿಗೆ ಹೋಗಿದ್ಲು, ನಿನ್ನ ಎಲ್ಲಿ ಬಿಡೋದು ಅಂತ ಕೆಲಸಕ್ಕೆ ಕರ್ಕೊಂಡು ಬಂದೆ. ಪುಣೆ ಕಡೆಯ ಐದು ಜನ, ಒಳ್ಳೆ ಗಿರಾಕಿಗಳು. ಗೋಡೆ ಬಿದ್ದ ಜಾಗ ಎಲ್ಲರೂ ತೋರಿಸ್ತಾರೆ, ನಾನು ಅವರನ್ನ ನೀರ ಹತ್ರಾನೇ ಇಳಿಸಿ, ಒಂದು ಹೆಜ್ಜೆಗೆ ಪಾದ ಮುಳುಗುತ್ತೆ, ಮುಂದಿನ ಹೆಜ್ಜೆಗೆ ಎದೆ ಮಟ್ಟ, ಸೈನಿಕರು ಹೆಂಗೆ ದಾಟಿರ್ಬೇಕು ನೋಡಿ ಅಂತ ಹೇಳ್ತಿದ್ದೆ. ಕೈ ಎತ್ತಿ ಗೋಡೆ ಕಡೆ ತೋರಿಸ್ತಿದ್ದೆ. ಬೆನ್ನು ನಿನ್ನ ಕಡೆ. ನೀನು ನನ್ನ ಮಾತು ನಿಜಾನಾ ಅಂತ ನೋಡೋಕೆ ಹೋದ್ಯೋ ಏನೋ, ನೀನು ಆವಾಗ್ಲೂ ಹಂಗೇ.

ಬಟ್ಟೆ ಒಗೀತಿದ್ದ ಒಬ್ಬ ಹೆಂಗಸು ಕೂಗಿದ್ದು ಕೇಳಿಸ್ತು. ಕೇಳಿಸಿದ ಮೇಲೂ ನಾನು ವಾಕ್ಯ ಮುಗಿಸ್ದೆ. ಇದನ್ನ ಯಾರಿಗೂ ಹೇಳಿಲ್ಲ. ಬೇರ್ಡ್ ಬಗ್ಗೆ ಹೇಳ್ತಿದ್ದೆ, ಅವನನ್ನ ಸೆರೆಯಲ್ಲಿ ಇನ್ನೊಬ್ಬನ ಜೊತೆ ಸರಪಳಿ ಹಾಕಿ ಕಟ್ಟಿದಾರೆ ಅಂತ ಸುದ್ದಿ ಹೋದಾಗ ಅವನ ತಾಯಿ, ನಮ್ಮ ಹುಡುಗನ ಜೊತೆ ಕಟ್ಟಿಸ್ಕೊಂಡವನನ್ನ ದೇವರೇ ಕಾಪಾಡ್ಬೇಕು ಅಂದಳಂತೆ, ಅದಕ್ಕೆ ಎಲ್ಲರೂ ನಗ್ತಾರೆ, ಆ ನಗು ಬರೋ ತನಕ ನಿಂತಿದ್ದೆ. ಆಮೇಲೆ ತಿರುಗಿದೆ. ಅಷ್ಟರಲ್ಲಿ ಆ ಯಮ್ಮ ಸೊಂಟದ ತನಕ ನೀರಿಗಿಳಿದು ನಿನ್ನ ಜಡೆ ಹಿಡಿದು ಎತ್ತಿದ್ಲು. ನೀನು ಅಳಲಿಲ್ಲ, ಕೆಮ್ಮಿದೆ, ಕೆಮ್ಮಿ ಕೆಮ್ಮಿ ನನ್ನ ಮುಖ ನೋಡ್ದೆ. ಪುಣೆಯೋರು ಪಾಪ ದುಡ್ಡು ಜಾಸ್ತಿ ಕೊಟ್ಟರು, ನಾನು ಈಸ್ಕೊಂಡೆ. ನಿಮ್ಮವ್ವ ಬಂದ ಮೇಲೆ, ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಫ್ರಾಕು ನೆನೆಸ್ಕೊಂಡಳು ಅಂತ ಹೇಳ್ದೆ, ಇವತ್ತಿಗೂ ಅವಳು ಹಂಗೇ ತಿಳ್ಕೊಂಡಿದಾಳೆ. ಆ ಯಮ್ಮನ ಹೆಸರು ಕೇಳಲಿಲ್ಲ ನಾನು. ಮುಂದಿನ ವಾರ ಸೀರೆ ತಗೊಂಡು ಹೋದೆ, ಅವಳಿರಲಿಲ್ಲ, ಆಮೇಲೂ ಸಿಗಲಿಲ್ಲ, ಸೀರೆ ನಿಮ್ಮವ್ವಂಗೆ ಹೋಯ್ತು. ಆ ನೇರಳೆ ಬಣ್ಣದ್ದು.

ಆ ಅಧ್ಯಾಯ ಓದಿ ನಂಗೆ ಕೈ ನಡುಗಿತು. ಅದನ್ನ ಹೇಳೋಕೆ ಬರಲಿಲ್ಲ, ಬ್ರಿಟಿಷರು ಸಿಕ್ಕಿದ್ರು, ಅವರ ಮೇಲೆ ಹಾರಿದೆ. ನಿನ್ನ ಓದು, ನಿನ್ನ ಲೀಡ್ಸು, ಎಜುಕೇಶನ್ ಲೋನು ಎಲ್ಲ ಮಧ್ಯೆ ಎಳೆದೆ. ತಪ್ಪಾಯ್ತು. ಲೋನ್ ವಿಷಯ ಮಾತ್ರ ನಾನು ಹೇಳಿದ್ದು ಸರಿ, ಅದನ್ನ ವಾಪಸ್ ತಗೊಳಲ್ಲ, ಬಡ್ಡಿ ಎಷ್ಟು ಅಂತ ಒಂದು ಕಾಗದದಲ್ಲಿ ಬರೆದು ನಿನ್ನ ಬ್ಯಾಗಿನ ಸೈಡ್ ಜಿಪ್ಪಲ್ಲಿ ಹಾಕಿದ್ದೆ, ನೋಡ್ಕೊ.

ಅಲ್ಲಿಗೆ ಹೋದ ಮೇಲೆ ನಾಲ್ಕು ಜನರ ಜೊತೆ ಇರು, ಒಬ್ಬಳೇ ರೂಮಲ್ಲಿ ಕೂತು ಬರೀತಾ ಊಟ ಬಿಡಬೇಡ. ನಿನ್ನ ಜೊತೆ ರೂಮ್ ಹಂಚ್ಕೊಳೋ ಹುಡುಗಿಗೂ ನಾನು ಬೇರ್ಡ್ ತಾಯಿ ಹೇಳಿದ್ದನ್ನೇ ಹೇಳ್ತೀನಿ. ನಿನ್ನ 33ನೇ ರೆಜಿಮೆಂಟು ಆ ಯಾರ್ಕ್‌ಶೈರ್ ಕಡೆಯದೇ ಅಲ್ವಾ, ಆ ಊರುಗಳಲ್ಲಿ ಓಡಾಡು, ಆ ಹುಡುಗ ಏನು ಬಿಟ್ಟು ಬಂದ ಅಂತ ನೋಡು. ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿ ಟಿಪ್ಪುವಿನ ಮರದ ಹುಲಿ ಇದೆ, ಒಳಗೆ ಹೋಗೋಕೆ ದುಡ್ಡಿಲ್ಲ, ನಿಂತು ಸರಿಯಾಗಿ ನೋಡು, ನಾನು ಮೂವತ್ತು ವರ್ಷ ಫೋಟೋ ತೋರಿಸಿಯೇ ಹೊಟ್ಟೆ ಹೊರೆದೆ.

ಮುಂದೆ ಬರೀವಾಗ ಒಂದು ಮಾತು. ಮೇ 4ರ ರಾತ್ರಿ ಊರೊಳಗೆ ಲೂಟಿ ಆಯ್ತು. ಮಾರನೇ ದಿನ ವೆಲ್ಲೆಸ್ಲಿ ಬಂದು ನಾಲ್ಕು ಜನ ಸೈನಿಕರನ್ನ ನೇಣಿಗೆ ಹಾಕಿದ ಮೇಲೇನೇ ಅದು ನಿಂತಿದ್ದು. ಆಮೇಲೆ ಗೆದ್ದ ಸಂಪತ್ತಿನ ಹಂಚಿಕೆಯಲ್ಲಿ ಜನರಲ್ ಹ್ಯಾರಿಸ್‌ಗೆ ಲಕ್ಷ ಪೌಂಡಿನ ಮೇಲೆ ಹೋಯ್ತು, ಸಾಮಾನ್ಯ ಸೋಲ್ಜರ್‌ಗೆ ಬೆರಳಲ್ಲಿ ಎಣಿಸೋ ಅಷ್ಟು, ಸಿಪಾಯಿಗೆ ಇನ್ನೂ ಕಮ್ಮಿ. ನಿನ್ನ ಹುಡುಗ ಆ ರಾತ್ರಿ ಎಲ್ಲಿದ್ದ? ಅವನು ಒಳ್ಳೆಯವನು ಅಂತ ಅವತ್ತು ಮಾತ್ರ ಅವನನ್ನ ಜ್ವರ ಬರಿಸಿ ಮಲಗಿಸ್ಬೇಡ. ಗಂಜಾಂ ಕಡೆಯ ಯಾವುದೋ ಮನೆ ಬಾಗಿಲಲ್ಲಿ ಅವನನ್ನ ನಿಲ್ಲಿಸು, ಒಳಗೆ ಇರೋರು ಅವನನ್ನ ನೋಡ್ಲಿ.

ಇವತ್ತು ಬೆಳಗ್ಗೆ ಪಂಚೆ ಎತ್ತಿ ಕಟ್ಕೊಂಡು ಆ ಜಾಗಕ್ಕೆ ಇಳಿದೆ. ಬಂಡೆ ಅಲ್ಲೇ ಇದೆ, ಪಾಚಿನೂ ಇದೆ. ಮೊಣಕಾಲಿನಷ್ಟು ನೀರು ಇತ್ತು, ಒಂದು ಹೆಜ್ಜೆ ಮುಂದೆ ಇಟ್ಟೆ, ಸೊಂಟಕ್ಕೆ ಬಂತು, ಮೊಬೈಲ್ ಜೇಬಲ್ಲಿದ್ದಿದ್ದು ನೆನಪಾಗಿ ವಾಪಸ್ ಬಂದೆ.

ಶನಿವಾರ ರಾತ್ರಿ ಬಸ್ಸಿಗೆ ಬರ್ತೀವಿ, ಏರ್‌ಪೋರ್ಟಿಗೆ ನೇರ. ನಿಮ್ಮವ್ವ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿಗೆ ಮೂರು ಕವರ್ ಸುತ್ತಿದಾಳೆ, ಎಣ್ಣೆ ಸೋರಲ್ಲ ಅಂತಾಳೆ, ನಂಗೆ ನಂಬಿಕೆ ಇಲ್ಲ, ಪುಸ್ತಕದ ಜೊತೆ ಇಡಬೇಡ.

ನಾಲ್ಕನೇ ಅಧ್ಯಾಯ ಆಗಿದ್ರೆ ಕಳ್ಸು. ಅವನನ್ನ ನೀರಿಂದ ಯಾರು ಎತ್ತಿದ್ರು ಅಂತ ಬರೆದಿದೀಯ? ಇನ್ನೂ ಬರೆದಿಲ್ಲ ಅಂದ್ರೆ, ಅವಳು ಹಸಿರು ಬಳೆ ಹಾಕಿದ್ಲು, ಎಡಗೈಲಿ ಎತ್ತಿದ್ದು.

ಅಪ್ಪ