ತಾನೇ ನಿರ್ಧರಿಸುವ ಯಂತ್ರಗಳಿಗೆ ಭದ್ರತೆಯ ಷರತ್ತು ಬೇಕು

ಮಾನ್ಯ ಸಂಪಾದಕರೇ,

ಭೂಕುಸಿತದ ಮುನ್ಸೂಚನೆ ನೀಡುವ ಸೆನ್ಸರ್, ಆನೆ ಬಂದರೆ ಎಚ್ಚರಿಸುವ ಕ್ಯಾಮೆರಾ, ಔಷಧಿ ಸಿಂಪಡಿಸುವ ಡ್ರೋನ್, ಹೀಗೆ ಮನುಷ್ಯನ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ವ್ಯವಸ್ಥೆಗಳ ಮಾತು ಕೊಡಗಿನಲ್ಲಿ ಈಗ ಆಗಾಗ ಕೇಳಿಬರುತ್ತಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಭೂಕುಸಿತದಿಂದ ಆದ ಅನಾಹುತವನ್ನು ಕಂಡ ಯಾರೂ ಇವು ಬೇಡವೆನ್ನಲಾರರು. ಆದರೆ ಸಂಪರ್ಕ ಕಡಿದಾಗ ಅಥವಾ ಯಾರೋ ಸುಳ್ಳು ಆಜ್ಞೆ ಕಳುಹಿಸಿದಾಗ ಯಂತ್ರ ಏನು ಮಾಡುತ್ತದೆ ಎಂಬುದನ್ನು, ಬೆಲೆಯನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಕೊಳ್ಳುವ ಮೊದಲೇ ವಿಚಾರಿಸಬೇಕೆಂಬುದು ನನ್ನ ಆಗ್ರಹ.

ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೋಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕಾಗುತ್ತದೆ. ಅದಕ್ಕಾಗಿ ನಮ್ಮ ಕೆರೆಯ ಬಳಿ, ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಅಳವಡಿಸಿದವರು ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ಸಿಮ್ ಸಂಖ್ಯೆಯನ್ನೂ ಕಾರ್ಖಾನೆಯಿಂದಲೇ ಬಂದ 1234 ಎಂಬ ಪಾಸ್‌ವರ್ಡನ್ನೂ ಒಂದೇ ಚೀಟಿಯಲ್ಲಿ ಬರೆದು ಅಂಟಿಸಿ ಹೋಗಿದ್ದರು. ಬದಲಾಯಿಸಿಕೊಳ್ಳಿ ಎಂದು ಹೇಳಲೇ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಮೆಚ್ಚಬೇಕಾದ ಸಂಗತಿಯೂ ಇತ್ತು. ಕೆರೆಯ ನೀರು ಇಳಿದು ಮೋಟಾರು ಖಾಲಿ ಓಡತೊಡಗಿದರೆ ಅದನ್ನು ನಿಲ್ಲಿಸುವ ರಿಲೇಗೆ ಪ್ರತ್ಯೇಕ ವೈರಿಂಗ್ ಮಾಡಿದ್ದರು. ಮೊಬೈಲಿನಿಂದ ಎಂಥ ಆಜ್ಞೆ ಬಂದರೂ ಆ ರಿಲೇ ತನ್ನ ಕೆಲಸ ಬಿಡುವುದಿಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ನಂಬಿಕೆ ಹುಟ್ಟಬೇಕಾದದ್ದು ಇಂಥ ಏರ್ಪಾಡಿನಿಂದಲೇ. ಆದರೆ ಆ ರಕ್ಷಣೆಗೂ ಜಾಲದ ಮೂಲಕ ದಾರಿ ತೆರೆದಿದ್ದರೆ ಪ್ರಯೋಜನವಿಲ್ಲ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ ದಾಳಿಕೋರರು ಕೈಯಿಟ್ಟಿದ್ದು ಅಪಾಯದ ವೇಳೆ ಸ್ಥಾವರವನ್ನು ನಿಲ್ಲಿಸಬೇಕಾದ ಸುರಕ್ಷತಾ ನಿಯಂತ್ರಕಕ್ಕೇ.

ಶತ್ರು ದೂರದಿಂದಲೇ ಬರಬೇಕೆಂದಿಲ್ಲ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ ಒಳಚರಂಡಿ ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸಿದ್ದ ಕಂಪನಿಯ ಮಾಜಿ ನೌಕರನೊಬ್ಬ ಲ್ಯಾಪ್‌ಟಾಪ್ ಮತ್ತು ರೇಡಿಯೋ ಉಪಕರಣ ಬಳಸಿ ಸುಳ್ಳು ಆಜ್ಞೆಗಳನ್ನು ಕಳುಹಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನಗಳಿಗೂ ಹೊಳೆಗೂ ನುಗ್ಗಿತು. ಪಂಪುಗಳು ತಪ್ಪಾಗಿ ನಡೆಯುತ್ತಿದ್ದಾಗ ಸಿಬ್ಬಂದಿ ಅದನ್ನು ಮೊದಲು ಯಂತ್ರದ ದೋಷವೆಂದೇ ಭಾವಿಸಿದ್ದರು. ಗುತ್ತಿಗೆದಾರ ಬದಲಾದ ದಿನವೇ ಹಳೆಯ ಪಾಸ್‌ವರ್ಡುಗಳೆಲ್ಲ ರದ್ದಾಗಬೇಕೆಂಬ ನಿಯಮ ನಮ್ಮ ಎಷ್ಟು ಟೆಂಡರುಗಳಲ್ಲಿದೆ ಎಂಬುದನ್ನು ಅಧಿಕಾರಿಗಳು ಪರಿಶೀಲಿಸಬೇಕು.

ಯಾರ ದುರುದ್ದೇಶವೂ ಇಲ್ಲದೆ ಅನಾಹುತವಾಗುವುದೂ ಉಂಟು. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಒಂದೇ ಸೆನ್ಸರಿನ ತಪ್ಪು ಅಳತೆಯನ್ನು ನಂಬಿ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿದ್ದು 2018 ಮತ್ತು 2019ರ ಎರಡು ದುರಂತಗಳಿಗೆ ಮುಖ್ಯ ಕಾರಣಗಳಲ್ಲೊಂದಾಯಿತು. 346 ಜನ ಸತ್ತರು. ಒಂದೇ ಸೆನ್ಸರನ್ನು ನಂಬಿ ಕೂರಬಾರದೆಂಬ ಈ ಮಾತು ಬೆಟ್ಟದ ಇಳಿಜಾರಿನಲ್ಲಿ ನೆಡುವ ಸೆನ್ಸರಿಗೂ ಅನ್ವಯಿಸುತ್ತದೆ.

ಕೆಟ್ಟಾಗ ನಿಂತುಬಿಡಲಿ ಎಂಬ ಸೂತ್ರ ನೀರಿನ ಮೋಟಾರಿಗೆ ಸಾಕು, ಅಣೆಕಟ್ಟಿಗೆ ಸಾಲದು. ಹಾರಂಗಿಯಂಥ ಜಲಾಶಯದ ಗೇಟುಗಳನ್ನು ಮುಂದೊಂದು ದಿನ ಕಂಪ್ಯೂಟರಿನ ತೀರ್ಮಾನಕ್ಕೆ ಒಪ್ಪಿಸಿದರೆ, ಒಳಹರಿವು ಏರುತ್ತಿರುವಾಗ ಮಾಹಿತಿ ನಿಂತುಹೋದಲ್ಲಿ ಗೇಟು ತೆರೆದರೆ ನದಿಯ ಕೆಳಭಾಗದ ತಗ್ಗು ಪ್ರದೇಶಗಳಿಗೆ ಅಪಾಯ, ಮುಚ್ಚಿದರೆ ಅಣೆಕಟ್ಟಿಗೇ ಅಪಾಯ. ಅಂಥ ಹೊತ್ತಿನಲ್ಲಿ ತೀರ್ಮಾನಿಸುವ ಅಧಿಕಾರವೂ ಕೈಯಿಂದಲೇ ಗೇಟು ನಡೆಸುವ ಅಭ್ಯಾಸವೂ ಇರುವ ಎಂಜಿನಿಯರ್ ಸ್ಥಳದಲ್ಲಿ ಇರಲೇಬೇಕು. ಜೋರು ಮಳೆಯಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವ ನಮ್ಮ ಜಿಲ್ಲೆಯಲ್ಲಿ ಇದು ದೂರದ ಕಲ್ಪನೆಯಲ್ಲ.

ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದೆ. ಅದೇ ತುರ್ತಿನಿಂದ ಬಾಧಿತ ಗ್ರಾಮ ಪಂಚಾಯಿತಿಗಳಿಗೂ ಸುದ್ದಿ ಮುಟ್ಟಬೇಕು. ಜಿಲ್ಲಾಡಳಿತವು ಪ್ರತಿ ವರ್ಷ ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿಯೇ, ಇಂಥ ಪ್ರತಿಯೊಂದು ವ್ಯವಸ್ಥೆಯ ಜಾಲಸಂಪರ್ಕವನ್ನು ಬೇಕೆಂದೇ ಕಡಿದು, ಗ್ರಾಮಸ್ಥರ ಎದುರಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಕಾಫಿ ಬೆಳೆಗಾರ, ಸುಂಟಿಕೊಪ್ಪ, ಕೊಡಗು