ಜಮೀನು ಬಿಡದಿರುವ ಹಕ್ಕೂ ರೈತನಿಗಿರಲಿ

ಮಾನ್ಯ ಸಂಪಾದಕರೇ,

1894ರ ಕಾಯ್ದೆಯ ಬದಲಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯು, ಖಾಸಗಿ ಕಂಪನಿಗಳಿಗಾಗಿ ಸರ್ಕಾರ ಜಮೀನು ಪಡೆಯುವಾಗ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟರ ಪೂರ್ವ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಹೊಲವನ್ನೇ ನಂಬಿದ ಗೇಣಿದಾರರನ್ನೂ ಕೂಲಿಕಾರರನ್ನೂ ಬಾಧಿತರೆಂದು ಗುರುತಿಸಿದೆ. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗಳಿಗೆ ಹೆಚ್ಚಾಗಿ ಬಳಕೆಯಾಗುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಅದರಡಿ ರೈತನು ಆಕ್ಷೇಪಣೆ ಸಲ್ಲಿಸಬಹುದೇ ಹೊರತು ನಿರಾಕರಿಸುವಂತಿಲ್ಲ. ಇದೇ ಕಾಯ್ದೆಯಡಿ ಹೊರಟಿದ್ದ ದೇವನಹಳ್ಳಿ ತಾಲ್ಲೂಕಿನ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿದ್ದು ಸ್ವಾಗತಾರ್ಹವೇ. ಅದಕ್ಕಾಗಿ ರೈತರು, ಅವರಲ್ಲಿ ಎಷ್ಟೋ ವೃದ್ಧರು ಮತ್ತು ಮಹಿಳೆಯರು, ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತೆಂಬುದು ಮಾತ್ರ ನೋವಿನ ಸಂಗತಿ. ಬೇರೆ ಊರಿನ ರೈತರಿಗೆ ಇದೇ ಪಾಡು ಬರದಂತೆ, ಒಪ್ಪಿಗೆ ಹಾಗೂ ಸಾಮಾಜಿಕ ಪರಿಣಾಮದ ಅಧ್ಯಯನವನ್ನು 1966ರ ಕಾಯ್ದೆಗೂ ಸೇರಿಸುವ ತಿದ್ದುಪಡಿಯನ್ನು ಸರ್ಕಾರವು ಮುಂದಿನ ಅಧಿವೇಶನದಲ್ಲೇ ಮಂಡಿಸಬೇಕು.

– ಓದುಗ